ವಾಹನಕ್ಕೊಂದು ನಿಯಮ

ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವುದು ಒಂದು, ಇನ್ನು ಮೇಲೆ ಸೈಕಲ್ಲಿನಲ್ಲೇ ಹೋಗುತ್ತೇನೆಂದು ನಿಶ್ಚಯಿಸುವುದು ಇನ್ನೊಂದು. ಮೊದಲನೆಯದು ಇವತ್ತಿನ ಪ್ರಯಾಣ. ಅದಕ್ಕೆ ಗಾಳಿ ತುಂಬಿದ ಟೈರು, ಹಿಡಿತವಿರುವ ಬ್ರೇಕು, ಮುಕ್ಕಾಲು ಗಂಟೆಯ ಬಿಡುವು ಇದ್ದರೆ ಸಾಕು. ಎರಡನೆಯದು ಜೂನ್ ತಿಂಗಳ ಮಳೆಯ ಬಗ್ಗೆ, ಮೈ ಭಾರವಾಗಿರುವ ಸೋಮವಾರದ ಬಗ್ಗೆ, ತಡವಾಗಿ ಎದ್ದ ಬೆಳಗಿನ ಬಗ್ಗೆ ಇವತ್ತೇ ಕೊಡುವ ಮಾತು. ಕೊಡುವವನೂ ತಾನೇ, ಪಡೆಯುವವನೂ ತಾನೇ. ಇಂಥ ಮಾತು ಮನುಷ್ಯನನ್ನು ನಿಜವಾಗಿ ಕಟ್ಟುತ್ತದೆಯೇ, ಕಟ್ಟುವುದಾದರೆ ಯಾವುದರ ಬಲದಿಂದ, ತಪ್ಪಿ ನಡೆದಾಗ ಏನಾಗುತ್ತದೆ ಎಂಬುದನ್ನು ತತ್ತ್ವಜ್ಞಾನಿಗಳು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಧರ್ಮಗಳು ಇದನ್ನೇ ವ್ರತದ ವಿಚಾರವಾಗಿ ಎತ್ತಿಕೊಂಡಿವೆ. ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿರುವ ಬೆಂಗಳೂರಿನಂಥ ಊರಿನಲ್ಲಿ ಇದು ದಿನಬೆಳಗಿನ ಪ್ರಶ್ನೆ. ಇಲ್ಲಿ ಸೈಕಲ್ಲು ಕೊಳ್ಳುವುದು ಸುಲಭ, ಕೊಂಡ ಸೈಕಲ್ಲನ್ನು ಮೂರನೆಯ ತಿಂಗಳಲ್ಲೂ ಹೊರಗೆ ತೆಗೆಯುವುದು ಕಷ್ಟ.

ತನಗೆ ತಾನೇ ಕೊಟ್ಟುಕೊಂಡ ಮಾತಿಗೆ ಬೆಲೆಯಿಲ್ಲ ಎಂಬ ವಾದ ಬಲವಾದದ್ದು. ಇಂಗ್ಲೆಂಡಿನ ಥಾಮಸ್ ಹಾಬ್ಸ್ 1651ರಲ್ಲಿ ಪ್ರಕಟಿಸಿದ ‘ಲೆವಯಥನ್’ ಗ್ರಂಥದಲ್ಲಿ ಇದನ್ನು ನೇರವಾಗಿ ಹೇಳಿದ. ಕಟ್ಟುವ ಅಧಿಕಾರ ಯಾರಿಗಿದೆಯೋ ಬಿಚ್ಚುವ ಅಧಿಕಾರವೂ ಅವನಿಗೇ ಇದೆ. ಆದ್ದರಿಂದ ತನಗೆ ಮಾತ್ರ ಬದ್ಧನಾದವನು ಬದ್ಧನೇ ಅಲ್ಲ ಎಂಬುದು ಅವನ ನಿಲುವು. ಫ್ರಾನ್ಸಿನ ಜಾನ್-ಪಾಲ್ ಸಾರ್ತ್ರ್ 1943ರ ‘ಬೀಯಿಂಗ್ ಅಂಡ್ ನಥಿಂಗ್‌ನೆಸ್’ ಕೃತಿಯಲ್ಲಿ ಇದನ್ನು ಇನ್ನಷ್ಟು ಆಳಕ್ಕೆ ಒಯ್ದ. ಜೂಜು ಬಿಡುತ್ತೇನೆಂದು ಮನಃಪೂರ್ವಕವಾಗಿ ನಿರ್ಧರಿಸಿದವನೊಬ್ಬ ಮರುದಿನ ಜೂಜಿನ ಮೇಜಿನ ಮುಂದೆ ನಿಂತಾಗ, ನಿನ್ನೆಯ ನಿರ್ಧಾರ ತನ್ನನ್ನು ತಡೆಯುವ ಗೋಡೆಯಾಗಿ ಅಲ್ಲಿಲ್ಲ ಎಂದು ಕಂಡುಕೊಳ್ಳುತ್ತಾನೆ. ಅದು ನೆನಪಾಗಿ ಇದೆ, ಅಷ್ಟೆ. ಬೇಕಿದ್ದರೆ ಅದನ್ನು ಅವನು ಹೊಸದಾಗಿ ಮಾಡಿಕೊಳ್ಳಬೇಕು. ಬೆಳಗ್ಗೆ ಏಳು ಗಂಟೆಗೆ ಮೋಡ ಕವಿದ ಆಕಾಶ ನೋಡುತ್ತ, ಒಂದು ಕೈಯಲ್ಲಿ ಸ್ಕೂಟರಿನ ಕೀಲಿ, ಇನ್ನೊಂದು ಕೈಯಲ್ಲಿ ಸೈಕಲ್ಲಿನ ಬೀಗದ ಕೀಲಿ ಹಿಡಿದು ನಿಂತವರಿಗೆ ಸಾರ್ತ್ರ್ ಹೇಳಿದ ಸ್ಥಿತಿ ಚೆನ್ನಾಗಿ ಅರ್ಥವಾಗುತ್ತದೆ. ಕಳೆದ ಭಾನುವಾರದ ಉತ್ಸಾಹ ಆ ಹೊತ್ತಿಗೆ ಯಾವ ನೆರವನ್ನೂ ಕೊಡುವುದಿಲ್ಲ.

ಭಾರತದ ಆಚರಣೆಗಳು ಈ ತೊಡಕನ್ನು ಬೇರೆ ದಿಕ್ಕಿನಿಂದ ಸಮೀಪಿಸಿದವು. ಸಂಕಲ್ಪವೆಂದರೆ ಮನಸ್ಸಿನೊಳಗೆ ಮೂಡಿ ಅಲ್ಲೇ ಉಳಿಯುವ ಬಯಕೆ ಎಂದು ಅವು ಎಣಿಸಲಿಲ್ಲ. ಪೂಜೆಗೆ ಕುಳಿತವರು ಜಂಬೂದ್ವೀಪದಿಂದ ಹಿಡಿದು ತಾವು ಕುಳಿತ ನದೀತೀರದವರೆಗೆ ಸ್ಥಳವನ್ನೂ, ಯುಗದಿಂದ ಹಿಡಿದು ಆ ದಿನದ ತಿಥಿ, ವಾರ, ನಕ್ಷತ್ರದವರೆಗೆ ಕಾಲವನ್ನೂ ಹೇಳಿ, ಗೋತ್ರ ಮತ್ತು ಹೆಸರು ಹೇಳಿ, ಯಾವ ಉದ್ದೇಶಕ್ಕೆ ಏನು ಮಾಡುತ್ತೇನೆಂದು ಬಾಯಿಬಿಟ್ಟು ನುಡಿಯುತ್ತಾರೆ. ಸ್ಥಳ, ಕಾಲ, ಕರ್ತೃ, ಕರ್ಮ ಎಲ್ಲವೂ ಖಚಿತವಾದ ಮೇಲೆಯೇ ನೀರು ಬಿಡುವುದು. ಜೈನರಲ್ಲಿ ವ್ರತವನ್ನು ಗುರುವಿನ ಮುಂದೆ, ಅವರ ಸಾಕ್ಷಿಯಲ್ಲಿ ಸ್ವೀಕರಿಸುತ್ತಾರೆ. ಹಾಬ್ಸ್ ಕೇಳಿದ ಪ್ರಶ್ನೆಗೆ ಇದರಲ್ಲಿ ಉತ್ತರದ ಅರ್ಧ ಭಾಗವಿದೆ. ಸಾಕ್ಷಿಯೊಬ್ಬರು ಇದ್ದ ಮೇಲೆ ಕಟ್ಟಿದವನೊಬ್ಬನೇ ಗುಟ್ಟಾಗಿ ಬಿಚ್ಚಿಕೊಳ್ಳಲು ಬರುವುದಿಲ್ಲ. ಬಿಚ್ಚಬಹುದು, ಆದರೆ ಬಿಚ್ಚಿದ್ದೇನೆಂದು ಯಾರಿಗಾದರೂ ಹೇಳಬೇಕಾಗುತ್ತದೆ. ಉತ್ತರದ ಇನ್ನರ್ಧ ಭಾಗ ವ್ರತದ ಅಳತೆಯಲ್ಲಿದೆ. ಆ ಅಳತೆಯ ಶಾಸ್ತ್ರವನ್ನು ಶ್ರಾವಕರಿಗಾಗಿ, ಅಂದರೆ ಮನೆ, ಮಕ್ಕಳು, ಉದ್ಯೋಗ ಇರುವ ಗೃಹಸ್ಥರಿಗಾಗಿ, ಜೈನ ಆಚಾರ್ಯರು ರೂಪಿಸಿದಷ್ಟು ಸೂಕ್ಷ್ಮವಾಗಿ ರೂಪಿಸಿದವರು ವಿರಳ.

ಆ ಸಾಹಿತ್ಯದಲ್ಲಿ ಸಮಂತಭದ್ರ ಆಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಮುಖ್ಯವಾದದ್ದು. ನೂರೈವತ್ತು ಸಂಸ್ಕೃತ ಶ್ಲೋಕಗಳ ಈ ಚಿಕ್ಕ ಗ್ರಂಥ ಕರ್ನಾಟಕದ ದಿಗಂಬರ ಜೈನರಲ್ಲಿ ಇಂದಿಗೂ ಪಾಠವಾಗುತ್ತದೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಸಮಂತಭದ್ರರ ಹೆಸರು ಗೌರವದಿಂದ ಬರುತ್ತದೆ. ತಿನ್ನುವ, ಬಳಸುವ ವಸ್ತುಗಳಿಗೆ ಮಿತಿ ಹಾಕಿಕೊಳ್ಳುವ ಭೋಗೋಪಭೋಗ ಪರಿಮಾಣ ಎಂಬ ವ್ರತವನ್ನು ವಿವರಿಸುವಾಗ ಅವರು ಬಿಡುವಿಕೆಯನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಬದುಕಿರುವವರೆಗೆ ಬಿಟ್ಟರೆ ಅದು ಯಮ, ಇಷ್ಟು ಕಾಲಕ್ಕೆಂದು ಗೊತ್ತುಮಾಡಿ ಬಿಟ್ಟರೆ ಅದು ನಿಯಮ. ಯಾವುದನ್ನು ಹೀಗೆ ಮಿತಿಗೊಳಿಸಬಹುದು ಎಂಬ ಪಟ್ಟಿಯಲ್ಲಿ ಊಟದ ನಂತರ ಎರಡನೆಯದಾಗಿ ಬರುವುದೇ ವಾಹನ. ಹಾಸಿಗೆ, ಸ್ನಾನ, ಹೂವು, ತಾಂಬೂಲ, ಉಡುಗೆ, ಒಡವೆ, ಸಂಗೀತ ಎಲ್ಲವೂ ಅದರ ಹಿಂದೆ. ಕಾಲದ ಮಿತಿಗಳನ್ನೂ ಹೆಸರಿಸಿದ್ದಾರೆ: ಇವತ್ತು, ಒಂದು ಹಗಲು, ಒಂದು ರಾತ್ರಿ, ಪಕ್ಷ, ತಿಂಗಳು, ಋತು, ಅಯನ. ಪಲ್ಲಕ್ಕಿ, ಕುದುರೆ, ಬಂಡಿಗಳ ಕಾಲದಲ್ಲಿ ಬರೆದ ಈ ಮಾತು ಮೋಟಾರಿನ ಕಾಲಕ್ಕೂ ಅಕ್ಷರಶಃ ಹೊಂದುತ್ತದೆ. “ಈ ಋತು ಮುಗಿಯುವವರೆಗೆ ಕಚೇರಿಗೆ ಹೋಗಿಬರಲು ಮೋಟಾರು ವಾಹನ ಬಳಸುವುದಿಲ್ಲ” ಎಂಬುದು ಶ್ರಾವಕಾಚಾರದ ಅರ್ಥದಲ್ಲಿ ಪೂರ್ಣವಾದ ನಿಯಮ.

ಅದೇ ಭಾಗದಲ್ಲಿ ಸಮಂತಭದ್ರರು ವ್ರತಕ್ಕೆ ಕೊಟ್ಟಿರುವ ಲಕ್ಷಣ ಇನ್ನೂ ಮಹತ್ವದ್ದು. ಹೇಗೂ ಬೇಡವಾದದ್ದನ್ನು, ಸೇವಿಸಬಾರದ್ದನ್ನು ಬಿಡಲೇಬೇಕು. ಆದರೆ ತನಗೆ ಯೋಗ್ಯವಾದ, ಅನುಭವಿಸಲು ಅಡ್ಡಿಯಿಲ್ಲದ ವಿಷಯದಿಂದ ಬುದ್ಧಿಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತ. ಈ ಲಕ್ಷಣವನ್ನು ಕೈಯಲ್ಲಿ ಹಿಡಿದು ಬೆಂಗಳೂರಿನ ರಸ್ತೆಯನ್ನು ನೋಡಿದರೆ ಸೈಕಲ್ ಸವಾರರು ಎರಡು ಗುಂಪಾಗಿ ಕಾಣುತ್ತಾರೆ. ಹೆಲ್ಮೆಟ್ಟು, ಮಿನುಗುವ ಹಿಂದೀಪ, ಬೆನ್ನುಚೀಲದಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡವರ ಮನೆಯಲ್ಲಿ ಬಹುಪಾಲು ಇನ್ನೊಂದು ವಾಹನ ಇದ್ದೇ ಇರುತ್ತದೆ. ಗಾರೆ ಕೆಲಸದವರು, ರಾತ್ರಿ ಪಾಳಿಯ ಕಾವಲುಗಾರರು, ಬೆಳಗಿನ ಜಾವ ಪೇಪರು ಹಾಕುವ ಹುಡುಗರು, ಕ್ಯಾರಿಯರಿಗೆ ಊಟದ ಡಬ್ಬಿ ಕಟ್ಟಿಕೊಂಡು ಕಾರ್ಖಾನೆಗೆ ಹೋಗುವವರು ಎರಡನೆಯ ಗುಂಪು. 2011ರ ಜನಗಣತಿ ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಮೊದಲ ಬಾರಿಗೆ ಕೇಳಿದಾಗ, ಕೃಷಿ ಮತ್ತು ಗೃಹ ಕೈಗಾರಿಕೆ ಬಿಟ್ಟು ಉಳಿದ ದುಡಿಮೆಗಾರರಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಜನ ಸೈಕಲ್ಲಿನಲ್ಲಿ ಎಂದು ಉತ್ತರಿಸಿದರು. ಅವರಲ್ಲಿ ಬಹುಮಂದಿ ಎರಡನೆಯ ಗುಂಪಿನವರೇ ಎನ್ನಲು ದೊಡ್ಡ ಅಧ್ಯಯನ ಬೇಕಿಲ್ಲ. ಬಸ್ಸಿನ ದುಡ್ಡು ಉಳಿಸಲು ಪೆಡಲು ತುಳಿಯುವವರ ಪ್ರಯಾಣ ಶಾಸ್ತ್ರದ ಅರ್ಥದಲ್ಲಿ ವ್ರತವಲ್ಲ. ಅವರ ಮುಂದೆ ಬಿಡಬಹುದಾದ ವಿಷಯವೇ ಇಲ್ಲ.

ಇಷ್ಟಕ್ಕೇ ನಿಂತರೆ ಲೆಕ್ಕ ತಪ್ಪುತ್ತದೆ. ವ್ರತದ ಪುಣ್ಯ ಕಾರುಳ್ಳವರಿಗೆ, ಬರಿಯ ಬೆವರು ಕಾರಿಲ್ಲದವರಿಗೆ ಎಂಬ ತೀರ್ಮಾನ ಯಾವ ನ್ಯಾಯಬುದ್ಧಿಗೂ ಒಪ್ಪಿಗೆಯಾಗದು. ಇದನ್ನು ಬಿಡಿಸಲು ಎರಡು ಪ್ರಶ್ನೆಗಳನ್ನು ಬೇರೆ ಮಾಡಬೇಕು. ಸವಾರರ ಒಳಗೆ ಏನು ನಡೆಯುತ್ತದೆ ಎಂಬುದು ಒಂದು. ಅದಕ್ಕೆ ಉತ್ತರ ಉದ್ದೇಶವನ್ನು ಅವಲಂಬಿಸಿದೆ, ವ್ರತದ ಲಕ್ಷಣ ಅಲ್ಲಿಗೆ ಮಾತ್ರ ಅನ್ವಯಿಸುತ್ತದೆ. ಸವಾರರು ಉಳಿದವರಿಗೆ ಏನು ಮಾಡುತ್ತಾರೆ, ಉಳಿದವರು ಅವರಿಗೆ ಏನು ಸಲ್ಲಿಸಬೇಕು ಎಂಬುದು ಇನ್ನೊಂದು. ಅಲ್ಲಿ ಉದ್ದೇಶದ ವಿಚಾರ ಬರುವುದೇ ಇಲ್ಲ. ಗಾರೆ ಕೆಲಸದವರ ಸೈಕಲ್ಲೂ ಸಾಫ್ಟ್‌ವೇರಿನವರ ಸೈಕಲ್ಲೂ ರಸ್ತೆಯಲ್ಲಿ ಒಂದೇ ಜಾಗ ಹಿಡಿಯುತ್ತವೆ, ಒಂದೇ ಗಾಳಿಯನ್ನು ಚೊಕ್ಕಟವಾಗಿ ಉಳಿಸುತ್ತವೆ, ಒಂದೇ ಲಾರಿಯ ಚಕ್ರಕ್ಕೆ ಅಂಜುತ್ತವೆ. ಬೇಕೆಂದು ಸೈಕಲ್ಲು ಹಿಡಿದವರು ಈ ಎರಡನೆಯ ಪ್ರಶ್ನೆಯನ್ನು ಮರೆತರೆ ಅವರ ವ್ರತ ಅರ್ಧಕ್ಕೆ ನಿಲ್ಲುತ್ತದೆ. ನೆನಪಿಟ್ಟರೆ, ಅಷ್ಟು ದಿನ ಕಾರಿನ ಗಾಜಿನಾಚೆ ಅಡಚಣೆಯಾಗಿ ಕಂಡವರು ಜೊತೆಯ ದಾರಿಗರಾಗಿ ಕಾಣತೊಡಗುತ್ತಾರೆ.

ವಾಹನದ ನಿಯಮಕ್ಕೆ ದೂರದ ವ್ರತ ಒತ್ತಾಗಿ ನಿಲ್ಲುತ್ತದೆ. ಜೈನ ಗೃಹಸ್ಥರ ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತದಲ್ಲಿ ಹತ್ತು ದಿಕ್ಕುಗಳಿಗೂ ಗಡಿ ಹಾಕಿಕೊಂಡು, ಅದರಾಚೆ ಜೀವಮಾನದಲ್ಲಿ ಹೋಗುವುದಿಲ್ಲವೆಂದು ನಿಶ್ಚಯಿಸುತ್ತಾರೆ. ಗಡಿ ಎಲ್ಲರಿಗೂ ಗೊತ್ತಿರುವ ಗುರುತಾಗಿರಬೇಕು: ಸಮುದ್ರ, ನದಿ, ಕಾಡು, ಬೆಟ್ಟ, ನಾಡು, ಇಲ್ಲವೇ ಇಂತಿಷ್ಟು ಯೋಜನ. ದೇಶಾವಕಾಶಿಕ ಎಂಬ ಇನ್ನೊಂದು ವ್ರತದಲ್ಲಿ ಆ ದೊಡ್ಡ ವಲಯವನ್ನು ಒಂದು ಪಕ್ಷಕ್ಕೋ ತಿಂಗಳಿಗೋ ವರ್ಷಕ್ಕೋ ಇನ್ನೂ ಕಿರಿದು ಮಾಡಿ, ಮನೆ, ಊರು, ಹೊಲ, ನದಿ ಎಂದು ಮೇರೆ ಗೊತ್ತುಮಾಡುತ್ತಾರೆ. ಇದರ ಹಿಂದಿನ ವಿಚಾರ ಸರಳ. ಮನುಷ್ಯ ಹೋದಲ್ಲೆಲ್ಲ ಏನನ್ನಾದರೂ ತುಳಿಯುತ್ತಾನೆ, ಕೊಳ್ಳುತ್ತಾನೆ, ಕೆಡಿಸುತ್ತಾನೆ. ಗಡಿಯಾಚೆಗಿನ ನಾಡಿಗೆ ಅವನಿಂದ ಯಾವ ಕೇಡೂ ತಟ್ಟದು. ಆದ್ದರಿಂದ ಗಡಿಯೊಳಗೆ ಅಣುವ್ರತಿ, ಅಂದರೆ ಗೃಹಸ್ಥರ ಚಿಕ್ಕ ವ್ರತಗಳನ್ನು ಹಿಡಿದವನು, ಗಡಿಯ ಹೊರಗಿನ ಮಟ್ಟಿಗೆ ಪೂರ್ಣ ವ್ರತಗಳ ಮಹಾವ್ರತಿಯಾದ ಮುನಿಗೆ ಸಮನಾಗುತ್ತಾನೆ ಎನ್ನುತ್ತಾರೆ ಸಮಂತಭದ್ರರು. ಇದು ಬಹಳ ಧಾರಾಳವಾದ, ಬಹಳ ಚುರುಕಾದ ತರ್ಕ.

ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವ ನಿಶ್ಚಯವೂ ಕೊನೆಗೆ ದೂರದ ನಿಶ್ಚಯವೇ ಆಗುತ್ತದೆ. ಸಾಧಾರಣ ಮೈಕಟ್ಟಿನವರು ಊರಿನ ರಸ್ತೆಯಲ್ಲಿ ಗಂಟೆಗೆ ಹನ್ನೆರಡರಿಂದ ಹದಿನೈದು ಕಿಲೋಮೀಟರು ಹೋಗುತ್ತಾರೆ. ಎಂಟು ಕಿಲೋಮೀಟರಿನ ದಾರಿ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ, ಇಪ್ಪತ್ತೈದು ಕಿಲೋಮೀಟರಿನದು ಹೆಚ್ಚಿನವರಿಗೆ ನಿತ್ಯ ಸಾಧ್ಯವಿಲ್ಲ. ಹಾಗಾಗಿ ಈ ನಿಶ್ಚಯವನ್ನು ಗಂಭೀರವಾಗಿ ತೆಗೆದುಕೊಂಡವರಿಗೆ ಬಾಡಿಗೆ ಮನೆ ಎಲ್ಲಿ ಹಿಡಿಯಬೇಕು, ಎಷ್ಟು ದೂರದ ಕೆಲಸ ಒಪ್ಪಬೇಕು, ಮಕ್ಕಳ ಶಾಲೆ ಎಲ್ಲಿರಬೇಕು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಎದುರಾಗುತ್ತವೆ. ಬಾಡಿಗೆ ಏರಿದಂತೆಲ್ಲ ಬಡವರನ್ನು ಊರಾಚೆಗೆ ತಳ್ಳುವ ನಗರದಲ್ಲಿ ಆ ವಲಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಇಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

ಇವಾನ್ ಇಲಿಚ್ ಈ ಗಡಿಯ ವಿಚಾರವನ್ನು ಸಮಾಜಕ್ಕೆ ಅನ್ವಯಿಸಿದವನು. 1951ರಲ್ಲಿ ಕ್ಯಾಥೊಲಿಕ್ ಪಾದ್ರಿಯಾಗಿ ದೀಕ್ಷೆ ಪಡೆದು, 1969ರಲ್ಲಿ ಆ ಹೊಣೆಯಿಂದ ಹೊರಬಂದ ಈ ಚಿಂತಕ 1974ರಲ್ಲಿ ‘ಎನರ್ಜಿ ಅಂಡ್ ಈಕ್ವಿಟಿ’ ಎಂಬ ಕಿರುಪುಸ್ತಕ ಪ್ರಕಟಿಸಿದ. ಅಮೆರಿಕದ ಗಂಡಸೊಬ್ಬ ಕಾರಿನಲ್ಲಿ ಕೂರಲು, ಅದರ ಕಂತು, ಪೆಟ್ರೋಲು, ವಿಮೆ, ತೆರಿಗೆ, ದಂಡಗಳಿಗಾಗಿ ದುಡಿಯಲು ವರ್ಷಕ್ಕೆ 1,600 ಗಂಟೆ ಕೊಟ್ಟು 7,500 ಮೈಲಿ ಸಾಗುತ್ತಾನೆ, ಅಂದರೆ ಗಂಟೆಗೆ ಐದು ಮೈಲಿಗಿಂತ ಕಡಿಮೆ ಎಂದು ಅವನು ಲೆಕ್ಕ ಹಾಕಿದ. ಸೈಕಲ್ಲು ಹತ್ತಿದವರು ನಡೆಯುವವರಿಗಿಂತ ಮೂರು ನಾಲ್ಕು ಪಟ್ಟು ವೇಗವಾಗಿ, ಐದನೇ ಒಂದು ಪಾಲು ಶಕ್ತಿಯಲ್ಲಿ ಹೋಗುತ್ತಾರೆ ಎಂದ. ಸಾರಿಗೆಯ ವೇಗ ಗಂಟೆಗೆ ಸುಮಾರು 15 ಮೈಲಿ ದಾಟಿದ ಮೇಲೆ ಸಮಾನತೆ ಕುಗ್ಗುತ್ತದೆ ಎಂಬುದು ಅವನ ಮುಖ್ಯ ವಾದ. ಕೆಲವರ ಸಮಯ ಉಳಿಸಲು ಉಳಿದವರ ದಾರಿ ಉದ್ದವಾಗುತ್ತದೆ, ಕಾಲುನಡಿಗೆಯವರ ಊರು ತುಂಡುತುಂಡಾಗುತ್ತದೆ. ಫ್ಲೈಓವರಿನ ಕೆಳಗೆ ರಸ್ತೆ ದಾಟಲು ಕಾಯುತ್ತ ನಿಂತವರಿಗೆ ಇದು ಕಣ್ಣಿಗೆ ಕಾಣುವ ಸಂಗತಿ. ಇಲಿಚ್‌ನ ಅಂಕಿಗಳನ್ನು ಹಲವರು ಪ್ರಶ್ನಿಸಿದ್ದಾರೆ, ಅವು ಆ ಕಾಲದ ಅಮೆರಿಕದವು. ಮಿತಿ ಹಾಕಿಕೊಳ್ಳುವುದು ಹಿಂದುಳಿಯುವಿಕೆಯಲ್ಲ, ನೆರೆಯವರ ಪಾಲನ್ನು ಅವರಿಗೇ ಬಿಡುವ ರೀತಿ ಎಂಬ ಅವನ ತಿರುಳು ಮಾತ್ರ ಅಲುಗಿಲ್ಲ.

ಈಗ ಅತಿ ಕಠಿಣವಾದ ಆಕ್ಷೇಪಕ್ಕೆ ಬರಬೇಕು. ಒಬ್ಬರು ಸೈಕಲ್ಲು ಹಿಡಿದರೆ ಜಗತ್ತಿಗೆ ಏನಾಗುತ್ತದೆ? ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ದಿನಕ್ಕೆ ಹದಿನಾರು ಕಿಲೋಮೀಟರು ಹೋಗಿಬರುವವರು, ಲೀಟರಿಗೆ ಹದಿನೈದು ಕಿಲೋಮೀಟರು ಕೊಡುವ ಕಾರನ್ನು ವರ್ಷದಲ್ಲಿ 200 ದಿನ ಮನೆಯಲ್ಲೇ ಬಿಟ್ಟರೆ ಉಳಿಯುವುದು ಅರ್ಧ ಟನ್ನಿನಷ್ಟು. ಲೀಟರಿಗೆ 45 ಕಿಲೋಮೀಟರು ಕೊಡುವ ಸ್ಕೂಟರಾದರೆ 160 ಕಿಲೋ. ಇಂಧನ ಉರಿಸಿ ಲೋಕವೆಲ್ಲ ಪ್ರತಿವರ್ಷ ಹೊರಬಿಡುವುದು ಮೂರೂವರೆ ಸಾವಿರ ಕೋಟಿ ಟನ್ನಿಗಿಂತ ಹೆಚ್ಚು. ಅಮೆರಿಕದ ತತ್ತ್ವಜ್ಞಾನಿ ವಾಲ್ಟರ್ ಸಿನಟ್-ಆರ್ಮ್‌ಸ್ಟ್ರಾಂಗ್ 2005ರ ಒಂದು ಪ್ರಸಿದ್ಧ ಲೇಖನದಲ್ಲಿ, ಬಿಸಿಲಿನ ಭಾನುವಾರ ಸುಮ್ಮನೆ ಖುಷಿಗಾಗಿ ದೊಡ್ಡ ಕಾರು ಓಡಿಸಿದವರಿಂದ ಯಾರಿಗೂ ಗುರುತಿಸಬಲ್ಲ ಹಾನಿಯಾಗುವುದಿಲ್ಲ, ಆದ್ದರಿಂದ ಹಾಗೆ ಓಡಿಸದಿರುವ ವೈಯಕ್ತಿಕ ಕರ್ತವ್ಯವನ್ನು ಸಾಧಿಸಿ ತೋರಿಸುವುದು ಕಷ್ಟ, ಕರ್ತವ್ಯವಿರುವುದು ಸರ್ಕಾರಗಳು ಕ್ರಮ ಕೈಗೊಳ್ಳುವಂತೆ ಮಾಡುವುದರಲ್ಲಿ ಎಂದು ವಾದಿಸಿದ. ಇಂಗ್ಲೆಂಡಿನ ಡೆರೆಕ್ ಪರ್ಫಿಟ್ ಅದಕ್ಕೂ ಮುಂಚೆ, 1984ರ ‘ರೀಸನ್ಸ್ ಅಂಡ್ ಪರ್ಸನ್ಸ್’ ಗ್ರಂಥದಲ್ಲಿ, ಕಣ್ಣಿಗೆ ಕಾಣದಷ್ಟು ಚಿಕ್ಕ ಪರಿಣಾಮಕ್ಕೆ ನೈತಿಕ ತೂಕವಿಲ್ಲ ಎನ್ನುವುದು ಲೆಕ್ಕದ ತಪ್ಪು ಎಂದು ತೋರಿಸಿದ್ದ. ಎಲ್ಲರೂ ಹಾಗೇ ಎಣಿಸಿದರೆ ಯಾರೂ ಮಾಡದ ದೊಡ್ಡ ಕೇಡೊಂದು ತಾನಾಗಿ ಆಗಿಬಿಡುತ್ತದೆ.

ಶ್ರಾವಕಾಚಾರ ಈ ವಾದಕ್ಕೆ ಮೂರನೆಯ ದಾರಿಯಿಂದ ಬರುತ್ತದೆ. ಅನರ್ಥದಂಡ ವಿರತಿ ಎಂಬ ಗುಣವ್ರತ ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡಿಸುತ್ತದೆ. ಅದರಲ್ಲಿ ಪ್ರಮಾದಚರ್ಯೆ ಎಂಬ ಒಂದು ಬಗೆಯಿದೆ: ಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಮುರಿಯುವುದು, ಅರ್ಥವಿಲ್ಲದೆ ತಿರುಗುವುದು, ಇತರರನ್ನು ತಿರುಗಿಸುವುದು. ಇಲ್ಲಿ ಪ್ರಶ್ನೆ ಎಷ್ಟು ಹಾನಿಯಾಯಿತು ಎಂಬುದಲ್ಲ, ಆ ಹಾನಿ ಬೇಕಿತ್ತೇ ಎಂಬುದು. ಒಂದೂವರೆ ಕಿಲೋಮೀಟರು ದೂರದ ಕಚೇರಿಗೆ ಸಾವಿರ ಕಿಲೋ ತೂಕದ ಲೋಹವನ್ನು ಜೊತೆಗೆ ಕೊಂಡೊಯ್ಯುವುದು ಲೋಕದ ಲೆಕ್ಕದಲ್ಲಿ ಎಷ್ಟೇ ಅಲ್ಪವಾಗಿರಲಿ, ಪ್ರಯೋಜನದ ಲೆಕ್ಕದಲ್ಲಿ ಅದು ವ್ಯರ್ಥ. ಅರ್ಥವಿಲ್ಲದ ಕೇಡನ್ನು ಬಿಡಲು ಜಗತ್ತು ಉಳಿಯುತ್ತದೆಂಬ ಖಾತರಿ ಬೇಕಾಗಿಲ್ಲ. ಕಾಯಿಲೆಯ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಕಾರು ಈ ವ್ರತದ ವ್ಯಾಪ್ತಿಗೇ ಬರುವುದಿಲ್ಲ, ಅದಕ್ಕೆ ಅರ್ಥವಿದೆ. ಸೈಕಲ್ಲಿನ ನಿಶ್ಚಯಕ್ಕೆ ಇದಕ್ಕಿಂತ ಗಟ್ಟಿಯಾದ ನೆಲೆ ಸಿಗುವುದು ಕಷ್ಟ. ಫಲದ ಮೇಲೆ ನಿಂತ ನಿಶ್ಚಯ, ಫಲ ಕಾಣದ ದಿನ ಕುಸಿಯುತ್ತದೆ. ಅಕ್ಕಪಕ್ಕದ ಕಾರುಗಳು ಕಡಿಮೆಯಾಗದಿದ್ದರೂ ಈ ನಿಶ್ಚಯದ ಕಾರಣ ಹಾಗೇ ಇರುತ್ತದೆ.

ಹಿಂಸೆಯ ಮಾತು ಇಲ್ಲಿಗೆ ಮುಗಿಯುವುದಿಲ್ಲ, ಏಕೆಂದರೆ ರಸ್ತೆಯಲ್ಲಿ ಅದು ಹೊಗೆಗಿಂತ ಮೊದಲು ಡಿಕ್ಕಿಯ ರೂಪದಲ್ಲಿ ಬರುತ್ತದೆ. ಜೈನ ಮುನಿಗಳು ಈರ್ಯಾಸಮಿತಿಯನ್ನು ಪಾಲಿಸುತ್ತಾರೆ: ಹಗಲು ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಗಳನ್ನು ತುಳಿಯದಂತೆ ನಡೆಯುವುದು. ಅವರು ಸೈಕಲ್ಲನ್ನೂ ಹತ್ತುವುದಿಲ್ಲ. ಎರಡು ಚಕ್ರಗಳ ಕೆಳಗೂ ಇರುವೆ ಸಾಯುತ್ತದೆ, ಮಳೆಗಾಲದ ಬಸವನಹುಳು ಸಾಯುತ್ತದೆ. ಗೃಹಸ್ಥರ ವ್ರತ ಪೂರ್ಣ ಅಹಿಂಸೆಯಲ್ಲ, ಕಡಿಮೆ ಮಾಡುವುದು. ಎಷ್ಟು ಕಡಿಮೆ ಎಂಬುದನ್ನು ಭೌತಶಾಸ್ತ್ರ ಹೇಳಬಲ್ಲದು. ಸವಾರರೂ ಸೇರಿ 85 ಕಿಲೋ ತೂಗುವ ಸೈಕಲ್ಲು ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಹೋಗುವಾಗ ಅದರ ಚಲನಶಕ್ತಿ ಸುಮಾರು 740 ಜೂಲ್. 1,200 ಕಿಲೋ ತೂಕದ ಕಾರು ಗಂಟೆಗೆ 50 ಕಿಲೋಮೀಟರು ಓಡುವಾಗ ಅದು ಒಂದು ಲಕ್ಷದ ಹದಿನೈದು ಸಾವಿರ ಜೂಲ್ ದಾಟುತ್ತದೆ, ಅಂದರೆ ನೂರೈವತ್ತು ಪಟ್ಟಿಗೂ ಹೆಚ್ಚು. ಚಾಲಕರ ಮನಸ್ಸು ಎಷ್ಟೇ ಒಳ್ಳೆಯದಿದ್ದರೂ ಒಂದು ಕ್ಷಣದ ಎಚ್ಚರ ತಪ್ಪಿದಾಗ ಎದುರಿನ ಮಗುವಿಗೆ ತಗಲುವುದು ಆ ಶಕ್ತಿ. ತನ್ನ ಪ್ರಮಾದದ ಬೆಲೆಯನ್ನು ಇತರರು ತೆರದಂತೆ ನೋಡಿಕೊಳ್ಳುವುದು ಅಹಿಂಸೆಯ ಬಹಳ ನೇರವಾದ ಅರ್ಥ. ಸೈಕಲ್ಲು ಆ ಬೆಲೆಯ ದೊಡ್ಡ ಪಾಲನ್ನು ಸವಾರರ ಮೈಮೇಲೆಯೇ ತಂದಿಡುತ್ತದೆ.

ಹಾಗಾದರೆ ತನ್ನ ಜೀವಕ್ಕೆ ಅಪಾಯ ತಂದುಕೊಳ್ಳುವ ವ್ರತ ಸರಿಯೇ? ಮೇಲ್ಸೇತುವೆಯ ತಿರುವುಗಳಲ್ಲಿ, ಬೀದಿದೀಪವಿಲ್ಲದ ಸರ್ವಿಸ್ ರಸ್ತೆಗಳಲ್ಲಿ, ಬಲಗಡೆಯಿಂದ ಉಜ್ಜಿಕೊಂಡು ಹೋಗುವ ಬಸ್ಸುಗಳ ನಡುವೆ ಈ ಪ್ರಶ್ನೆ ನಿತ್ಯದ್ದು. ಯಾವ ಗೃಹಸ್ಥ ಧರ್ಮವೂ ಇದಕ್ಕೆ ಹೌದು ಎಂದು ಹೇಳುವುದಿಲ್ಲ. ಆಪತ್ತಿನಲ್ಲಿ ನಡವಳಿಕೆ ಬೇರೆಯಾಗಬಹುದೆಂದು ಧರ್ಮಶಾಸ್ತ್ರಗಳು ಆಪದ್ಧರ್ಮವನ್ನೇ ಹೇಳಿವೆ. ಹೆಚ್ಚು ಗಮನಿಸಬೇಕಾದದ್ದು ಶ್ವೇತಾಂಬರ ಜೈನರ ಪ್ರತ್ಯಾಖ್ಯಾನದ ಕ್ರಮ. ಇಂಥದ್ದನ್ನು ಬಿಡುತ್ತೇನೆಂದು ನುಡಿಯುವ ವಾಕ್ಯದಲ್ಲಿಯೇ ಆಗಾರಗಳೆಂಬ ವಿನಾಯಿತಿಗಳು ಸೇರಿರುತ್ತವೆ. ಮರೆತು ಆದದ್ದು, ಹಠಾತ್ತಾಗಿ ಒದಗಿದ್ದು, ಹಿರಿಯರ ಅಥವಾ ಇನ್ನೂ ದೊಡ್ಡ ಕಾರ್ಯದ ಕಾರಣಕ್ಕೆ ಮಾಡಿದ್ದು, ಕಾಯಿಲೆಯಂಥ ಸ್ಥಿತಿಯಲ್ಲಿ ನೆಮ್ಮದಿ ಉಳಿಸಿಕೊಳ್ಳಲು ಮಾಡಿದ್ದು ಭಂಗವಲ್ಲವೆಂದು ವ್ರತ ಹಿಡಿಯುವಾಗಲೇ ಹೇಳಿಬಿಡುತ್ತಾರೆ.

ಗಾಂಧೀಜಿ ಇದಕ್ಕೆ ವಿರುದ್ಧವಾಗಿ ಮಾತನಾಡಿದಂತೆ ತೋರುತ್ತದೆ. 1930ರಲ್ಲಿ ಯರವಡಾ ಜೈಲಿನಿಂದ ಆಶ್ರಮಕ್ಕೆ ಬರೆದ ಪತ್ರಗಳಲ್ಲಿ, ಆದಷ್ಟು ಮಟ್ಟಿಗೆ ಮಾಡುತ್ತೇನೆ ಎನ್ನುವುದು ದುರ್ಬಲತೆಯ ಗುರುತು, ಅಂಥ ಮಾತು ವ್ರತವೇ ಅಲ್ಲ ಎಂಬ ಅರ್ಥದಲ್ಲಿ ಅವರು ಬರೆದರು. ಆದರೆ ಎರಡಕ್ಕೂ ನಿಜವಾದ ಜಗಳವಿಲ್ಲ. ಆದಷ್ಟು ಮಟ್ಟಿಗೆ ಎಂದವರ ಮಿತಿ ಪ್ರತಿದಿನ ಬೆಳಗ್ಗೆ ಬದಲಾಗುತ್ತದೆ. ಅದನ್ನು ಗೊತ್ತುಮಾಡುವುದು ಆ ಹೊತ್ತಿನ ಸೋಮಾರಿತನ. ಆಗಾರವನ್ನು ಗೊತ್ತುಮಾಡುವುದು ವ್ರತ ಹಿಡಿದ ದಿನದ ತಿಳಿಬುದ್ಧಿ. ಜೋರು ಮಳೆಯಲ್ಲಿ, ಜ್ವರದಲ್ಲಿ, ರಾತ್ರಿ ಒಂಬತ್ತರ ಮೇಲೆ, ಮನೆಯವರನ್ನು ಕರೆದೊಯ್ಯಬೇಕಾದಾಗ ಸೈಕಲ್ಲಿಲ್ಲ ಎಂದು ಮೊದಲೇ ಗೊತ್ತುಮಾಡಿಕೊಂಡವರು ಆ ದಿನಗಳಲ್ಲಿ ಬಸ್ಸು ಹತ್ತಿದರೆ ವ್ರತ ಅಖಂಡವಾಗಿಯೇ ಇರುತ್ತದೆ. ತುಂತುರು ಹನಿಯನ್ನು ಜೋರು ಮಳೆ ಎಂದು ಕರೆದ ದಿನ ಮಾತ್ರ ಅದು ಸಡಿಲವಾಗುತ್ತದೆ. ಸಾರ್ತ್ರ್ ಎತ್ತಿದ ತೊಂದರೆಗೂ ಇಲ್ಲೊಂದು ಮಾರ್ಗವಿದೆ. ನಿನ್ನೆಯ ನಿರ್ಧಾರ ಗೋಡೆಯಾಗಲಾರದು, ನಿಜ. ಆದರೆ ಅಳತೆ ಸ್ಪಷ್ಟವಾಗಿದ್ದರೆ ಇವತ್ತು ಅದನ್ನು ಹೊಸದಾಗಿ ಮಾಡಿಕೊಳ್ಳುವ ಕೆಲಸ ಚಿಕ್ಕದಾಗುತ್ತದೆ. ಎಲ್ಲವನ್ನೂ ಮೊದಲಿನಿಂದ ತೂಗಬೇಕಾಗಿಲ್ಲ, ಇವತ್ತಿನದು ವಿನಾಯಿತಿಯ ದಿನವೇ ಎಂದಷ್ಟೇ ನೋಡಬೇಕು.

ಆದರೂ ಜನ ತಪ್ಪುತ್ತಾರೆ. ಒಳ್ಳೆಯದೆಂದು ತಿಳಿದೂ ಬೇರೆ ದಾರಿ ಹಿಡಿಯುವ ಮನುಷ್ಯನ ಈ ಸ್ವಭಾವವನ್ನು ಅರಿಸ್ಟಾಟಲ್ ‘ನಿಕೊಮೇಕಿಯನ್ ಎಥಿಕ್ಸ್’ ಗ್ರಂಥದ ಏಳನೆಯ ಭಾಗದಲ್ಲಿ ವಿಸ್ತಾರವಾಗಿ ಚರ್ಚಿಸಿದ. ಜೈನ ಆಚಾರ್ಯರು ಅದನ್ನು ಮೆಟ್ಟಿಲುಗಳಾಗಿ ಬಿಡಿಸಿಟ್ಟರು. ಅಮಿತಗತಿ ಆಚಾರ್ಯರು ನಾಲ್ಕನ್ನು ಹೇಳುತ್ತಾರೆ. ಮನಸ್ಸಿನ ಶುದ್ಧಿ ಕದಡುವುದು ಅತಿಕ್ರಮ, ಶೀಲದ ಬೇಲಿ ದಾಟುವುದು ವ್ಯತಿಕ್ರಮ, ಬಿಟ್ಟ ವಿಷಯಕ್ಕೆ ಕೈಹಾಕುವುದು ಅತಿಚಾರ, ಅದರಲ್ಲೇ ಮುಳುಗಿಬಿಡುವುದು ಅನಾಚಾರ. ಸ್ಕೂಟರು ಒಳ್ಳೆಯದಿತ್ತಲ್ಲ ಎಂದು ಮನಸ್ಸು ಹರಿಯುವುದಕ್ಕೂ, ಕಾರಣವಿಲ್ಲದೆ ಒಂದು ದಿನ ಅದನ್ನು ಹತ್ತುವುದಕ್ಕೂ, ಸೈಕಲ್ಲಿಗೆ ತುಕ್ಕು ಹಿಡಿಯುವವರೆಗೆ ಮಹಡಿ ಮೆಟ್ಟಿಲ ಕೆಳಗೆ ಬಿಟ್ಟುಬಿಡುವುದಕ್ಕೂ ದೂರ ಬಹಳ. ಒಂದು ದಿನ ತಪ್ಪಿದವರು ವ್ರತವೇ ಮುರಿಯಿತೆಂದು ತಿಳಿದು ಕೈಚೆಲ್ಲುವುದರಿಂದ ಮುರಿಯುವ ನಿಶ್ಚಯಗಳೇ ಹೆಚ್ಚು. ಅತಿಚಾರ ಭಂಗವಲ್ಲ, ಮಲಿನತೆ. ಅದನ್ನು ತೊಳೆಯಲು ಪ್ರತಿಕ್ರಮಣವಿದೆ: ಆದದ್ದನ್ನು ಇದ್ದಂತೆ ನೆನೆದು, ಹೇಳಿಕೊಂಡು, ಮತ್ತೆ ವ್ರತದೊಳಕ್ಕೆ ಮರಳುವುದು. ದಿಗ್ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕೊನೆಯ ಎರಡು ಇಲ್ಲಿಗೆ ನೇರವಾಗಿ ತಟ್ಟುತ್ತವೆ. ಒಂದು, ಹಾಕಿಕೊಂಡ ಕ್ಷೇತ್ರವನ್ನು ಮೆಲ್ಲಗೆ ಹಿಗ್ಗಿಸುವುದು. ಇನ್ನೊಂದು, ಹಾಕಿಕೊಂಡ ಗಡಿಯೇ ಮರೆತುಹೋಗುವುದು. ಹೆಚ್ಚಿನ ಒಳ್ಳೆಯ ನಿಶ್ಚಯಗಳು ಸಾಯುವುದು ಹೀಗೆ ಮರೆವಿನಲ್ಲೇ, ಬಿಟ್ಟೆನೆಂದು ಯಾರೂ ಘೋಷಿಸಿರುವುದಿಲ್ಲ.

ತಪ್ಪದೆ ನಡೆಸಿದವರಿಗೂ ಅಪಾಯವಿದೆ. ಸಮಂತಭದ್ರರು ಎಣಿಸಿದ ಎಂಟು ಮದಗಳಲ್ಲಿ ತಪಸ್ಸಿನ ಮದವೂ ಇದೆ, ಶರೀರದ ಮದವೂ ಇದೆ. ಸೈಕಲ್ ಸವಾರರಿಗೆ ಇವೆರಡೂ ಜೊತೆಯಾಗಿ ಬರಬಹುದು. ಕಾರಿನವರೆಲ್ಲ ಪಾಪಿಗಳೆಂದು, ತನ್ನ ಕಾಲಿನ ಕಸುವು ತನ್ನ ಗುಣವೆಂದು ತಿಳಿಯುವ ಮನಸ್ಸು ನೆರೆಯವರ ಮಂಡಿನೋವನ್ನು, ಗರ್ಭಿಣಿಯ ಆಯಾಸವನ್ನು, ಕತ್ತಲಾದ ಮೇಲೆ ಒಬ್ಬಳೇ ಮನೆಗೆ ಮರಳಬೇಕಾದ ಹೆಣ್ಣಿನ ಅಂಜಿಕೆಯನ್ನು ಕಾಣುವುದಿಲ್ಲ. ಹೊರಗಿನ ನೇಮಕ್ಕೂ ಒಳಗಿನ ಮನಸ್ಸಿಗೂ ನಡುವಿನ ಈ ಬಿರುಕು ಕನ್ನಡಕ್ಕೆ ಹೊಸದಲ್ಲ. ವಚನಕಾರ್ತಿಯರಲ್ಲಿ ಅಕ್ಕಮ್ಮ ವ್ರತಾಚಾರವನ್ನೇ ತನ್ನ ವಚನಗಳ ಮುಖ್ಯ ವಸ್ತುವಾಗಿಸಿಕೊಂಡವಳು. ಹನ್ನೆರಡನೆಯ ಶತಮಾನದ ಶರಣರು ಒಳಗಿನ ಬದಲಾವಣೆಯಿಲ್ಲದ ಹೊರಗಿನ ನೇಮವನ್ನು ಕಟುವಾಗಿ ಟೀಕಿಸಿದರು, ಅದೇ ಪರಂಪರೆ ಆಚಾರವನ್ನು ಜೀವಕ್ಕೆ ಸಮನಾಗಿ ಹಿಡಿದ ಅಕ್ಕಮ್ಮನನ್ನೂ ಕೊಟ್ಟಿತು. ಈ ಎಳೆದಾಟ ಪ್ರತಿಯೊಂದು ವ್ರತದ ಒಳಗೂ ಇರುತ್ತದೆ, ಇರಬೇಕು ಕೂಡ.

ಮದಕ್ಕೆ ಮದ್ದು ಸಾರ್ವಜನಿಕ ಹೊಣೆ. ಸಿನಟ್-ಆರ್ಮ್‌ಸ್ಟ್ರಾಂಗ್ ವಾದದಲ್ಲಿ ಸತ್ಯವಿರುವುದು ಇಲ್ಲಿ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾಯಿತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ಲಿಗೆಂದು ಪ್ರತ್ಯೇಕ ಪಥ ಗುರುತಿಸಿದರು. ಇಂಥವು ಬಾಳುವುದು ಅವುಗಳನ್ನು ಬಳಸಿ, ಅವು ಹಾಳಾದಾಗ ಕೇಳುವವರಿದ್ದರೆ ಮಾತ್ರ. ಒಬ್ಬಂಟಿಯಾಗಿ ವ್ರತ ಹಿಡಿದವರಿಗೆ ಕೇಳುವ ನೈತಿಕ ಬಲವಿರುತ್ತದೆ, ರಸ್ತೆಯ ಪ್ರತಿ ಗುಂಡಿಯ ಅರಿವಿರುತ್ತದೆ, ದೂರು ಬರೆಯುವ ಬಿಡುವೂ ಬಹುಮಟ್ಟಿಗೆ ಇರುತ್ತದೆ. ಇವು ಬೆಳಗಿನ ಜಾವ ಕೆಲಸಕ್ಕೆ ಹೊರಟ ಗಾರೆಯವರಿಗೆ ಇರುವುದಿಲ್ಲ. ಅವರಿಗೆ ಸಲ್ಲಬೇಕಾದದ್ದು ಹೊಗಳಿಕೆಯಲ್ಲ, ಸಾಯದೆ ಮನೆ ಸೇರಬಹುದಾದ ರಸ್ತೆ.

ಕೊನೆಯ ವಿಚಾರ ಕಾಲದ್ದು. ಪತಂಜಲಿಯ ಯೋಗಸೂತ್ರ ಅಭ್ಯಾಸ ನೆಲೆಗೊಳ್ಳಲು ಮೂರನ್ನು ಕೇಳುತ್ತದೆ: ದೀರ್ಘಕಾಲ, ಬಿಡುವಿಲ್ಲದಿರುವಿಕೆ, ಆದರ. ಹೀಗೆ ನಡೆದುಬಂದದ್ದು ಒಂದು ಹಂತದಲ್ಲಿ ರೂಢಿಯಾಗಿ, ನಿರ್ಧರಿಸುವ ಅಗತ್ಯವೇ ಉಳಿಯುವುದಿಲ್ಲ. ಆಗ ಅದು ವ್ರತವಾಗಿ ಉಳಿದೀತೇ? ಅರಿಸ್ಟಾಟಲನ ಪ್ರಕಾರ, ಆಸೆಯೊಡನೆ ಹೋರಾಡಿ ಗೆಲ್ಲುವವರಿಗಿಂತ ಹೋರಾಟವೇ ಬೇಕಿಲ್ಲದ ಸಂಯಮಿಗಳು ಮೇಲು. ವ್ರತದ ಮೌಲ್ಯ ಅದರ ಕಷ್ಟದಲ್ಲಿದೆ ಎನ್ನುವವರು ಇದನ್ನು ಒಪ್ಪುವುದಿಲ್ಲ. ಶ್ರಾವಕಾಚಾರದ ನಿಯಮ ಇಬ್ಬರ ನಡುವೆ ನಿಲ್ಲುತ್ತದೆ. ಅದಕ್ಕೆ ಮುಗಿಯುವ ದಿನವಿದೆ. ಕರ್ನಾಟಕದ ಮನೆಗಳಲ್ಲಿ ವ್ರತ ಪೂರೈಸಿದಾಗ ಉದ್ಯಾಪನೆ ಮಾಡುವಂತೆ, ಗೊತ್ತುಮಾಡಿದ ಋತುವೋ ವರ್ಷವೋ ಕಳೆದ ದಿನ ನಿಯಮ ಬಿಡುಗಡೆಯಾಗುತ್ತದೆ, ಹಿಡಿದವರು ಮತ್ತೆ ಸ್ವತಂತ್ರರು. ಆಗ ಅವರ ಮುಂದೆ ಮೂರು ದಾರಿಗಳಿವೆ. ಅದೇ ಅಳತೆಯಲ್ಲಿ ಇನ್ನೊಂದು ಅವಧಿಗೆ ಹಿಡಿಯಬಹುದು. ಅನುಭವದ ಮೇಲೆ ದೂರವನ್ನು, ದಿನಗಳನ್ನು, ವಿನಾಯಿತಿಗಳನ್ನು ತಿದ್ದಿ ಹಿಡಿಯಬಹುದು. ಬಿಡಲೂಬಹುದು, ಅದರಲ್ಲಿ ದೋಷವಿಲ್ಲ, ಕೊಟ್ಟ ಮಾತು ಪೂರ್ತಿ ಸಂದಿದೆ. ರೂಢಿ ಎಷ್ಟೇ ಗಟ್ಟಿಯಾಗಿದ್ದರೂ ಆ ದಿನ ಅದನ್ನು ಎದುರಿಗಿಟ್ಟು, ಬೇಕೆಂದೋ ಬೇಡವೆಂದೋ ತಿಳಿದು ಹೇಳಬೇಕಾಗುತ್ತದೆ. ಜೀವಮಾನದ ಯಮವಾಗಿ ಅದನ್ನು ಏರಿಸಿಕೊಳ್ಳುವವರು ಕೆಲವರೇ. ಉಳಿದವರಿಗೆ ಶಾಸ್ತ್ರ ಹೇಳುವುದು ಒಂದು ಋತುವಿನ ನಂತರ ಇನ್ನೊಂದು ಋತುವನ್ನು.